ಪ್ರತ್ಯೇಕ ಗ್ಯಾರೇಜ್: ಅಳತೆ ತೀರ್ಮಾನಿಸುವ ಮೊದಲು ನಿಯಮ ತಿಳಿಯಿರಿ

ನಮಸ್ಕಾರ. ಮನೆಗೆ ತಾಗದಂತೆ ಹಿಂಬದಿಯಲ್ಲಿ ಎರಡು ಕಾರು ನಿಲ್ಲುವ ಗ್ಯಾರೇಜ್ ಕಟ್ಟಲು ಪರವಾನಗಿ ಬೇಕೇ, "ಚಿಕ್ಕ ಕಟ್ಟಡಕ್ಕೆ ಅದೆಲ್ಲ ಬೇಡ" ಎಂಬ ಗುತ್ತಿಗೆದಾರರ ಮಾತನ್ನು ನಂಬಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಆ ಮಾತೊಂದನ್ನೇ ನಂಬಿ ಪಾಯ ತೆಗೆಸಬೇಡಿ. ವಿನಾಯಿತಿಗಳು ಇರುವುದು ನಿಜ. ಆದರೆ ಅವು ಯಾವ ನಿಯಮದಿಂದ ವಿನಾಯಿತಿ ಎಂಬುದನ್ನು ಮೊದಲು ತಿಳಿಯಬೇಕು.

ಈ ನಿವೇಶನದ ಈ ಮೂಲೆಯಲ್ಲಿ ಇಷ್ಟು ದೊಡ್ಡ ಕಟ್ಟಡ ಬರಬಹುದೇ ಎಂಬುದು ಭೂಬಳಕೆಯ ಪ್ರಶ್ನೆ. ಕಟ್ಟುವ ರೀತಿ ಸುರಕ್ಷಿತವೇ ಎಂಬುದು ಕಟ್ಟಡ ನಿಯಮದ ಪ್ರಶ್ನೆ. ಒಂದರಲ್ಲಿ ಸಿಕ್ಕ ವಿನಾಯಿತಿ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಅಮೆರಿಕದ ಅನೇಕ ಊರುಗಳು ಆಧಾರವಾಗಿಟ್ಟುಕೊಂಡಿರುವ ಮಾದರಿ ವಸತಿ ಸಂಹಿತೆಯ ಇತ್ತೀಚಿನ ಆವೃತ್ತಿಗಳಲ್ಲಿ, 200 ಚದರ ಅಡಿಯವರೆಗಿನ ಒಂದಂತಸ್ತಿನ ಪ್ರತ್ಯೇಕ ಉಪಕಟ್ಟಡಕ್ಕೆ ಕಟ್ಟಡ ಪರವಾನಗಿ ಬೇಕಿಲ್ಲ. ಆದರೂ ಗಡಿಯಿಂದ ಬಿಡಬೇಕಾದ ಅಂತರದ ಸ್ಥಳೀಯ ನಿಯಮ ಅದಕ್ಕೂ ಅನ್ವಯಿಸುತ್ತದೆ. ಎರಡು ಕಾರಿನ ಗ್ಯಾರೇಜ್ ಸುಮಾರು 400 ಚದರ ಅಡಿ ಬೇಡುವುದರಿಂದ ಆ ವಿನಾಯಿತಿಯ ಒಳಗೇ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 30 ಚದರ ಮೀಟರಿನೊಳಗಿನ ಪ್ರತ್ಯೇಕ ಗ್ಯಾರೇಜ್, ಗಡಿಯಿಂದ ಕನಿಷ್ಠ 1 ಮೀಟರ್ ದೂರವಿದ್ದರೆ ಅಥವಾ ಬಹುಪಾಲು ಬೆಂಕಿ ಹಿಡಿಯದ ವಸ್ತುಗಳಿಂದ ಕಟ್ಟಿದ್ದರೆ, ಸಾಮಾನ್ಯವಾಗಿ ಕಟ್ಟಡ ನಿಯಮದಿಂದ ಹೊರಗುಳಿಯುತ್ತದೆ. ಯೋಜನಾ ಅನುಮತಿಯ, ಅಂದರೆ ಭೂಬಳಕೆಯ ಒಪ್ಪಿಗೆಯ, ಲೆಕ್ಕ ಅಲ್ಲಿಯೂ ಬೇರೆಯೇ. ನಿಮ್ಮ ಊರಿನ ಅಂಕಿಗಳನ್ನು ನಿಮ್ಮ ಸ್ಥಳೀಯ ಕಚೇರಿಯಿಂದಲೇ ಪಡೆಯಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಗಡಿ. ಬೇಲಿ ಅಥವಾ ಕಾಂಪೌಂಡ್ ಗೋಡೆಯೇ ಗಡಿ ಎಂದು ಭಾವಿಸಿ ಅಳೆಯುವವರು ಬಹಳ, ಆದರೆ ದಾಖಲೆಯಲ್ಲಿರುವ ಗಡಿ ಅದಕ್ಕಿಂತ ಒಳಗೂ ಇರಬಹುದು, ಹೊರಗೂ ಇರಬಹುದು. ಆದ್ದರಿಂದ ಗುರುತು ಕಲ್ಲುಗಳು ಸ್ಪಷ್ಟವಿಲ್ಲದಿದ್ದರೆ ಅರ್ಜಿಗೆ ಮುಂಚೆ ಸರ್ವೆ ಮಾಡಿಸಿ. ಬಿಡಬೇಕಾದ ಅಂತರವನ್ನು ಗೋಡೆಯಿಂದ ಅಳೆಯುತ್ತಾರೋ ಸೂರಿನ ಅಂಚಿನಿಂದಲೋ ಎಂದು ಕೇಳಿ, ಏಕೆಂದರೆ ಹೊರಚಾಚಿದ ಸೂರಿನಿಂದಾಗಿ ಸರಿಯಾಗಿದ್ದ ನಕ್ಷೆಯೂ ತಿರಸ್ಕೃತವಾಗಬಹುದು. ಮೂಲೆ ನಿವೇಶನವಾದರೆ ಎರಡೂ ರಸ್ತೆಗಳ ಕಡೆಗೆ ಹೆಚ್ಚು ಜಾಗ ಬಿಡಬೇಕಾದೀತು. ನೆಲದಡಿಯಲ್ಲಿ ನೀರು, ಒಳಚರಂಡಿ, ವಿದ್ಯುತ್ ಮಾರ್ಗಗಳಿವೆಯೇ, ಬೇರೆಯವರಿಗೆ ನಿಮ್ಮ ಜಾಗದಲ್ಲಿ ಹಾದುಹೋಗುವ ಹಕ್ಕು ಇದೆಯೇ ಎಂಬುದನ್ನು ಪತ್ರಗಳಲ್ಲಿ ಹುಡುಕಿ. ಅಂಥ ಮಾರ್ಗ ಅಥವಾ ದಾರಿ ಇರುವ ಜಾಗದ ಮೇಲೆ ಕಟ್ಟಿದ್ದನ್ನು ಮುಂದೊಮ್ಮೆ ತೆಗೆಸುವ ಅಧಿಕಾರ ಆ ಹಕ್ಕು ಉಳ್ಳವರಿಗೆ ಇರಬಹುದು. ಬಡಾವಣೆಯ ಸಂಘಕ್ಕೆ ತನ್ನದೇ ನಿಬಂಧನೆಗಳಿದ್ದರೆ, ಸರ್ಕಾರಿ ಪರವಾನಗಿ ಅವುಗಳನ್ನು ರದ್ದುಪಡಿಸುವುದಿಲ್ಲ.

ನಿವೇಶನದ ಎಷ್ಟು ಭಾಗ ಕಟ್ಟಡವಾಗಬಹುದು ಎಂಬ ಮಿತಿಯಲ್ಲಿ ಮನೆ ಮತ್ತು ಹಳೆಯ ಶೆಡ್ ಕೂಡ ಸೇರುತ್ತವೆ. ಮಳೆನೀರು ಇಂಗದ ನೆಲಕ್ಕೂ ಮಿತಿ ಇರುವ ಕಡೆ ಕಾಂಕ್ರೀಟ್ ದಾರಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಎತ್ತರದ ಮಿತಿಯನ್ನೂ ಒಮ್ಮೆ ನೋಡಿಕೊಳ್ಳಿ.

ಗಡಿಗೆ ಅಥವಾ ಮನೆಗೆ ಹತ್ತಿರವಾದಷ್ಟೂ ಬೆಂಕಿಯ ನಿಯಮ ಬಿಗಿಯಾಗುತ್ತದೆ: ಮೇಲೆ ಹೇಳಿದ ಅಮೆರಿಕದ ಮಾದರಿ ಸಂಹಿತೆ, ಮನೆಯಿಂದ 3 ಅಡಿಗಿಂತ ಸಮೀಪದ ಗ್ಯಾರೇಜಿನ ಆ ಬದಿಯ ಗೋಡೆಗೆ ಒಳಗಿನಿಂದ ಅರ್ಧ ಇಂಚಿನ ಜಿಪ್ಸಂ ಬೋರ್ಡ್ ಕೇಳುತ್ತದೆ. ವಾಹನದಲ್ಲಿ ಇಂಧನ ಇರುವುದರಿಂದ ಇದು ಕೇವಲ ಕಾಗದದ ಶಿಸ್ತಲ್ಲ, ಮನೆಯೊಳಗೆ ಮಲಗಿರುವವರ ರಕ್ಷಣೆ. ಮೇಲೊಂದು ಕೋಣೆ ಅಥವಾ ವ್ಯಾಪಾರದ ವರ್ಕ್‌ಶಾಪ್ ಮಾಡುವ ಆಲೋಚನೆ ಇದ್ದರೆ ಈಗಲೇ ಕಚೇರಿಗೆ ತಿಳಿಸಿ, ಉಪಯೋಗ ಬದಲಾದರೆ ನಿಯಮಗಳೂ ಬದಲಾಗುತ್ತವೆ.

ಪರವಾನಗಿ ಸಿಕ್ಕ ಮೇಲೂ ತಪಾಸಣೆಗಳಿರುತ್ತವೆ. ಪಾಯದ ಗುಂಡಿಯನ್ನು ಕಾಂಕ್ರೀಟ್ ಹಾಕುವ ಮೊದಲು, ವೈರಿಂಗನ್ನು ಗೋಡೆ ಮುಚ್ಚುವ ಮೊದಲು ತೋರಿಸಬೇಕಾಗುತ್ತದೆ. ಮುಚ್ಚಿದ ಮೇಲೆ ಅಧಿಕಾರಿ ಒಡೆಸಿ ನೋಡಬಹುದು, ಆ ವೆಚ್ಚ ಮಾಲೀಕರದ್ದೇ. ವಿದ್ಯುತ್ ಕೆಲಸಕ್ಕೆ ಹಲವೆಡೆ ಪ್ರತ್ಯೇಕ ಪರವಾನಗಿ ಬೇಕು. ಕೊನೆಯ ಒಪ್ಪಿಗೆ ಪತ್ರವಿಲ್ಲದಿದ್ದರೆ ಮನೆ ಮಾರುವಾಗ ಅಥವಾ ವಿಮೆ ಕೇಳುವಾಗ ತೊಡಕಾಗಬಹುದು.

ಕಚೇರಿಗೆ ಹೋಗುವಾಗ ಗಡಿ, ಮನೆ, ಗ್ಯಾರೇಜ್ ಮತ್ತು ಅವುಗಳ ನಡುವಿನ ಅಂತರ ಗುರುತಿಸಿದ ಒಂದು ಸರಳ ನಕ್ಷೆಯನ್ನು ಒಯ್ಯಿರಿ, ಉತ್ತರವನ್ನು ಬರಹದಲ್ಲಿ ಕೇಳಿ. ಪರವಾನಗಿ ಪಡೆಯುವ ಹೊಣೆ ಯಾರದು, ತಪಾಸಣೆಗೆ ಕರೆಯುವವರು ಯಾರು ಎಂಬ ಎರಡು ಸಾಲುಗಳನ್ನು ಗುತ್ತಿಗೆ ಪತ್ರದಲ್ಲಿ ಬರೆಸಿಕೊಂಡ ನಂತರವೇ ಮುಂಗಡ ಕೊಡಿ.