ಅಂಕ ಕೂಡಿಸಬೇಡಿ, ಮಾಸ್ಟರ್ ಸ್ವಿಚ್ ಆರಿಸಿ ನೋಡಿ

ಪ್ರಶ್ನೆ: ಫ್ಲೈಟ್‌ಗಿಯರ್ ಎಂಬ ಉಚಿತ ವಿಮಾನ ಹಾರಾಟದ ಸಿಮ್ಯುಲೇಟರ್‌ನಲ್ಲಿ ಪ್ರತಿ ವಿಮಾನದ ಮಾದರಿ ಎಷ್ಟು ಪಕ್ವವಾಗಿದೆ ಎಂದು ತಿಳಿಸಲು ನಾಲ್ಕು ಅಂಕಗಳನ್ನು ಕೊಟ್ಟಿರುತ್ತಾರೆ. ನಾನು ಇಳಿಸಿಕೊಂಡ ಎರಡು ವಿಮಾನಗಳಿಗೂ ಒಟ್ಟು 12 ಅಂಕಗಳಿವೆ. ಒಂದು ಹದವಾಗಿ ಹಾರುತ್ತದೆ. ಇನ್ನೊಂದು ನೋಡಲು ಚೆಂದ, ಹಾರಾಟದಲ್ಲಿ ಮಾತ್ರ ಆಟಿಕೆ. ಈ ಅಂಕಗಳನ್ನು ನಂಬಬಹುದೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಂಕಗಳನ್ನು ನಂಬಬಹುದು, ಮೊತ್ತವನ್ನು ನಂಬಬಾರದು. ಹಾರಾಟದ ಮಾದರಿ, ಒಳಗಿನ ವ್ಯವಸ್ಥೆಗಳು, ಕಾಕ್‌ಪಿಟ್ ಮತ್ತು ಹೊರಮೈ ಎಂಬ ನಾಲ್ಕು ವಿಭಾಗಗಳಿಗೆ ತಲಾ 0ಯಿಂದ 5ರವರೆಗೆ ಅಂಕಗಳಿರುತ್ತವೆ. ಮೊದಲೆರಡರಲ್ಲಿ 4, ಕೊನೆಯ ಎರಡರಲ್ಲಿ 2 ಪಡೆದ ವಿಮಾನಕ್ಕೂ ಅದರ ತಿರುಗುಮುರುಗಾದುದಕ್ಕೂ ಬರುವ ಮೊತ್ತ ಒಂದೇ. ನಿಮ್ಮ ಎರಡನೆಯ ವಿಮಾನ ಬಹುಶಃ ಆ ತಿರುಗುಮುರುಗಿನ ಜಾತಿಯದು. ಅದನ್ನು ಕಟ್ಟಿದವರು ಬಣ್ಣ ಬಳಿಯುವುದರಲ್ಲಿ ನುರಿತವರಿರಬೇಕು. ಲಾಂಚರ್‌ನಲ್ಲಿ (ಸಿಮ್ಯುಲೇಟರ್ ತೆರೆದಾಗ ಮೊದಲು ಬರುವ ಕಿಟಕಿಯಲ್ಲಿ) ವಿಭಾಗಕ್ಕೊಂದು ಕನಿಷ್ಠ ಅಂಕವನ್ನು ಗೊತ್ತುಪಡಿಸಿ ವಿಮಾನಗಳನ್ನು ಸೋಸುವ ಸೌಲಭ್ಯವಿದೆ. ಹಾರುವುದೇ ಮುಖ್ಯವಾದರೆ ಮೊದಲೆರಡು ವಿಭಾಗಗಳ ಮಿತಿಯನ್ನು ಏರಿಸಿ.

ಈ ಅಂಕಗಳನ್ನು ಸಾಮಾನ್ಯವಾಗಿ ವಿಮಾನವನ್ನು ರೂಪಿಸಿದ ಸ್ವಯಂಸೇವಕರೇ ಬರೆದುಕೊಳ್ಳುತ್ತಾರೆ. ಮಾನದಂಡ ಸ್ಪಷ್ಟವಾಗಿದ್ದರೂ ತಮ್ಮ ಕೂಸಿನ ಬಗ್ಗೆ ಯಾರಿಗಾದರೂ ಕೈ ಸ್ವಲ್ಪ ಸಡಿಲವೇ. ಆದ್ದರಿಂದ ನೀವೇ ಪರೀಕ್ಷಿಸುವುದು ಲೇಸು.

ಸೆಸ್ನಾ 172ಪಿ ಎಂಬ ಒಂದೇ ಎಂಜಿನ್‌ನ ಪುಟ್ಟ ವಿಮಾನವನ್ನು ತೆಗೆದುಕೊಳ್ಳಿ. ಸಮತಟ್ಟಾಗಿ ಹಾರುತ್ತಿರುವಾಗ ಮಾಸ್ಟರ್ ಸ್ವಿಚ್‌ನ ಎರಡೂ ಭಾಗಗಳನ್ನು, ಅಂದರೆ ಬ್ಯಾಟರಿಯದನ್ನೂ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುಜ್ಜನಕ) ಭಾಗವನ್ನೂ, ಆರಿಸಿ. ರೇಡಿಯೊ ಸತ್ತುಹೋಗಬೇಕು; ಈ ವಿಮಾನದ ಫ್ಲಾಪ್‌ಗಳು (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಯುವ ಪಟ್ಟಿಗಳು) ವಿದ್ಯುತ್ ಮೋಟಾರಿನಿಂದ ಚಲಿಸುವುದರಿಂದ ಗುಂಡಿ ಒತ್ತಿದರೂ ಅವು ಮಿಸುಕಬಾರದು; ಆದರೆ ಎಂಜಿನ್ ಓಡುತ್ತಲೇ ಇರಬೇಕು, ಏಕೆಂದರೆ ಅದರ ಕಿಡಿ ಬರುವುದು ಬ್ಯಾಟರಿಯ ಹಂಗಿಲ್ಲದ, ಎಂಜಿನ್ನೇ ತಿರುಗಿಸುವ ಮ್ಯಾಗ್ನೆಟೊ ಎಂಬ ಪುಟ್ಟ ವಿದ್ಯುಜ್ಜನಕಗಳಿಂದ. ಎಂಜಿನ್ ನಿಂತರೆ ಅಥವಾ ಫ್ಲಾಪ್ ಇಳಿದರೆ, ವ್ಯವಸ್ಥೆಗಳಿಗೆ ಎಷ್ಟು ಅಂಕ ಬರೆದಿದ್ದರೂ ನೀವು ಒಂದೆರಡು ಕಳೆದುಕೊಳ್ಳಿ. ತುರ್ತು ಪರಿಸ್ಥಿತಿಯ ಕ್ರಮಗಳನ್ನೂ ಅನುಸರಿಸಲು ಸಾಧ್ಯವಾದಾಗ ಮಾತ್ರ ಈ ವಿಭಾಗಕ್ಕೆ 5 ಸಲ್ಲುತ್ತದೆ.

ಹಾರಾಟದ ಮಾದರಿಗೆ ತಯಾರಕರ ಕೈಪಿಡಿಯೇ ಅಳತೆಗೋಲು. ಅದರ ಪ್ರಕಾರ 2400 ಪೌಂಡ್ ತೂಕದ 172ಪಿ ಸಮುದ್ರ ಮಟ್ಟದಲ್ಲಿ, ಪ್ರಮಾಣಿತ ಹವೆಯಲ್ಲಿ, ಪೂರ್ಣ ಶಕ್ತಿಯೊಂದಿಗೆ 76 ನಾಟ್ ವೇಗದಲ್ಲಿ ನಿಮಿಷಕ್ಕೆ ಸುಮಾರು 700 ಅಡಿ ಏರಬೇಕು. ನಿಮ್ಮ ಪರದೆಯಲ್ಲಿ 1200 ಕಂಡರೆ ಆ ಮಾದರಿಯನ್ನು ಇನ್ನೂ ತಿದ್ದಬೇಕಿದೆ ಎಂದರ್ಥ. ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು), ಸ್ಪಿನ್ (ಗಿರಗಿರನೆ ಸುತ್ತುತ್ತಾ ಬೀಳುವುದು) ಮುಂತಾದ ಅಸಹಜ ಸ್ಥಿತಿಗಳಲ್ಲಿಯೂ ನಿಜದ ವಿಮಾನದಂತೆ ವರ್ತಿಸಿದರೆ ಮಾತ್ರ ಅದು 5ಕ್ಕೆ ಅರ್ಹ.

ಒಂದು ಎಚ್ಚರಿಕೆ: ಈ ಪರೀಕ್ಷೆಯನ್ನು ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಿಂದ ಹೊರಟು ಮಾಡಬೇಡಿ. ಆ ನೆಲವೇ ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ಅಲ್ಲಿನ ತೆಳು ಗಾಳಿಯಲ್ಲಿ ವಿಮಾನ ನಿಧಾನವಾಗಿಯೇ ಏರುತ್ತದೆ. ಏರದಿದ್ದುದು ಮಾದರಿಯ ದೋಷವಲ್ಲ. ಮಂಗಳೂರು ಕೂಡ ಬೆಟ್ಟದ ಮೇಲಿನ ನಿಲ್ದಾಣ, ಆದರೆ ಅಲ್ಲಿ ವ್ಯತ್ಯಾಸ ಅಲ್ಪ.