ಸಂಪಾದಕರ ಉತ್ತರ: ಮಾಟುಂಗಾದ ಹುಡುಗಿಗೆ ‘ಬೇಡ’ ಅನ್ನೋದು ಕಷ್ಟ ಆಗ್ಬೇಕು

ಡೊಂಬಿವಲಿಯ ಸೋದರಿಗೆ ನಮಸ್ಕಾರ.

ನಿಮ್ಮ ಪತ್ರ, ಜೊತೆಗೆ ಕಳಿಸಿದ ಹಸ್ತಪ್ರತಿ ಎರಡೂ ಪೂರ್ತಿ ಓದಿದೆ. ಪತ್ರ ನೋಡದ ಓದುಗರಿಗೆ ಒಂದೆರಡು ಮಾತಲ್ಲಿ ಹೇಳ್ಬಿಡ್ತೀನಿ. ಜೇನ್ ಆಸ್ಟೆನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರೀನ ಇವರು ಮಾಟುಂಗಾದ ಒಂದು ಉಡುಪಿ ಹೋಟೆಲಿನವರ ಮನೆಯ ಪ್ರೇಮಕಥೆ ಮಾಡಿ ಕನ್ನಡದಲ್ಲಿ ಬರೆದಿದ್ದಾರೆ, ಐದು ಹೆಣ್ಮಕ್ಕಳ ಅಪ್ಪ ಶೆಟ್ರು, ಎರಡನೇ ಮಗಳು ನಾಯಕಿ, ನಾಯಕ ಪುಣೆಯ ಕೋರೆಗಾಂವ್ ಪಾರ್ಕ್‌ನ ಸಾಫ್ಟ್‌ವೇರ್ ಕಂಪನಿ ಮಾಲೀಕ. ಸಂಘದ ಕಾರ್ಯಕ್ರಮದಲ್ಲಿ ಒಬ್ರು ‘ಇದು ಕದ್ದ ಮಾಲಲ್ವಾ’ ಅಂದ್ರಂತೆ, ಗೆಳತಿಯೊಬ್ರು ‘ರೊಮ್ಯಾನ್ಸ್ ಸಾಲ್ದು, ಇಬ್ಬರನ್ನೂ ಬೇಗ ಸೇರಿಸು’ ಅಂದ್ರಂತೆ. ಇದು ತಪ್ಪಾ, ಮೂಲದ ಹೆಸರು ಹೇಳ್ಬೇಕಾ ಮುಚ್ಚಿಡ್ಬೇಕಾ, ಪ್ರಚಾರ ಹೇಗೆ, ಮುಂದೆ ತ್ರಿವೇಣಿಯವರ ಕಾದಂಬರಿಗೂ ಹೀಗೇ ಮಾಡ್ಬಹುದಾ, ಇಷ್ಟು ನಿಮ್ಮ ಪ್ರಶ್ನೆ.

ಕದ್ದ ಮಾಲು ಅನ್ನೋ ಮಾತನ್ನ ಮೊದಲು ತಲೆಯಿಂದ ತೆಗೆದು ಹಾಕಿ. ಆಸ್ಟೆನ್ ತೀರಿಕೊಂಡಿದ್ದು 1817ರಲ್ಲಿ, ನಮ್ಮ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರತ್ತೆ, ಹಾಗಾಗಿ ಈ ಕಥೆ ಎಂದೋ ಎಲ್ಲರದ್ದೂ ಆಗಿದೆ. ಇನ್ನು ನೀತಿಯ ಪ್ರಶ್ನೆ ಅಂದ್ರೆ, ಪಂಪ ರನ್ನರಿಂದ ಹಿಡಿದು ಕುವೆಂಪುವರೆಗೆ ನಮ್ಮ ದೊಡ್ಡೋರೆಲ್ಲ ಹಳೇ ಕಥೇನ ತಮ್ಮದು ಮಾಡ್ಕೊಂಡವರೇ, ರಾಮಾಯಣದ ಕವಿಗಳ ಭಾರಕ್ಕೆ ಫಣಿರಾಯ, ಅಂದ್ರೆ ಆದಿಶೇಷ, ತಿಣುಕಿದ ಅಂತ ಕುಮಾರವ್ಯಾಸ ಹೇಳಿ ಎಷ್ಟು ಶತಮಾನ ಆಯ್ತು. ಆಸ್ಟೆನ್ ತಮ್ಮ ಕಾದಂಬರಿಗೆ ಮೊದಲು ‘ಫಸ್ಟ್ ಇಂಪ್ರೆಶನ್ಸ್’ ಅಂತ ಹೆಸರಿಟ್ಟಿದ್ರು, ಆಮೇಲೆ ಇಟ್ಟ ಹೆಸರಿನ ಮಾತು ಫ್ಯಾನಿ ಬರ್ನಿ 1782ರಲ್ಲಿ ಬರೆದ ‘ಸಿಸಿಲಿಯಾ’ ಕಾದಂಬರಿಯ ಕೊನೇಲಿ ಕ್ಯಾಪಿಟಲ್ ಅಕ್ಷರದಲ್ಲೇ ಇದೆ.

ಆದ್ರೆ ಒಂದು ಕಡೆ ನೀವು ಜೋಪಾನ ಮಾಡ್ಬೇಕು. ನಿಮ್ಮ ನಾಯಕ ಮಳೇಲಿ ತೊಯ್ದು ತೊಪ್ಪೆಯಾಗಿ ಕಿಂಗ್ಸ್ ಸರ್ಕಲ್ ಹತ್ರ ಪ್ರಪೋಸ್ ಮಾಡ್ತಾನಲ್ಲ, ಆ ಮಳೆ ಮೂಲ ಕಾದಂಬರೀಲಿ ಇಲ್ಲ, 2005ರ ಸಿನಿಮಾದಲ್ಲಿ ಇರೋದು. ಕೆರೆಯಿಂದ ಒದ್ದೆ ಅಂಗೀಲಿ ಬಂದು ಅವಳೆದುರು ನಿಲ್ಲೋದು 1995ರ ಬಿಬಿಸಿ ಸೀರಿಯಲ್‌ದು. ಇವುಗಳ ಹಕ್ಕು ಇನ್ನೂ ಅವರವರ ಹತ್ರ ಇದೆ, ಅದಕ್ಕಿಂತ ಮುಖ್ಯ ಅಂದ್ರೆ ನಮ್ಮ ಓದುಗರು ಅವನ್ನ ಆಗ್ಲೇ ನೋಡಿರ್ತಾರೆ. ಹಾಗೇ ಯಾವುದಾದ್ರೂ ಅನುವಾದ ಪಕ್ಕದಲ್ಲಿಟ್ಕೊಂಡು ಬರೀತಿದ್ರೆ ಅದನ್ನ ಎತ್ತಿಟ್ಬಿಡಿ, ಅನುವಾದಕರ ವಾಕ್ಯಗಳಿಗೆ ಅವರದ್ದೇ ಹಕ್ಕಿರತ್ತೆ.

ಈಗ ನನ್ನ ಮನಸ್ಸಲ್ಲಿ ಇರೋ ಮುಖ್ಯ ಮಾತಿಗೆ ಬರ್ತೀನಿ. ನಿಮ್ಮ ಹಸ್ತಪ್ರತೀಲಿ ರೊಮ್ಯಾನ್ಸ್ ಸಾಲ್ದು ಅಂತ ನಿಮ್ಮ ಗೆಳತಿಗೆ ಅನ್ಸಿದ್ದು ನಿಜ, ಆದ್ರೆ ಕಾರಣ ಅವರು ಹೇಳಿದ್ದಲ್ಲ. ನಿಮ್ಮ ನಾಯಕಿ ‘ಬೇಡ’ ಅಂದಾಗ ಅವಳಿಗೆ ಏನೂ ನಷ್ಟ ಆಗಲ್ಲ. ಅವಳು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ (ಬಿಕೆಸಿ) ಬ್ಯಾಂಕಲ್ಲಿ ಕೆಲಸದಲ್ಲಿದ್ದಾಳೆ, ಕೈತುಂಬ ಸಂಬಳ, ಊರಿಂದ ಬಂದ ಹುಡುಗನಿಗೆ ಬೇಡ ಅಂತಾಳೆ, ಪುಣೆಯವನಿಗೂ ಬೇಡ ಅಂತಾಳೆ, ಮರುದಿನ ಲೋಕಲ್ ಹಿಡಿದು ಆಫೀಸಿಗೆ ಹೋಗ್ತಾಳೆ. ಮೂಲದಲ್ಲಿ ನಾಯಕಿ ಎಲಿಜಬೆತ್ ಹತ್ರ ಏನಿದೆ ನೋಡಿ: ಅಪ್ಪನ ಆದಾಯ ವರ್ಷಕ್ಕೆ 2,000 ಪೌಂಡ್, ಆದ್ರೆ ಗಂಡು ಸಂತಾನ ಇಲ್ಲದ್ದಕ್ಕೆ ಆಸ್ತಿಯೆಲ್ಲ ದೂರದ ನೆಂಟ ಕಾಲಿನ್ಸ್ ಪಾಲು, ಅವಳಿಗೆ ಅಂತ ಉಳಿಯೋದು ಅಮ್ಮ ತೀರಿಕೊಂಡ ಮೇಲೆ ಶೇಕಡಾ 4ರ ಬಡ್ಡಿಯ 1,000 ಪೌಂಡ್ ಮಾತ್ರ, ಅಂದ್ರೆ ವರ್ಷಕ್ಕೆ 40 ಪೌಂಡ್, ಅದನ್ನ ಕಾಲಿನ್ಸ್ ತನ್ನ ಮದುವೆ ಪ್ರಸ್ತಾಪ ಮಾಡ್ತಾ ಅವಳ ಮುಖಕ್ಕೇ ಹೇಳ್ತಾನೆ. ಅಷ್ಟಾದ್ರೂ ಬೇಡ ಅಂತಾಳೆ. ಆಮೇಲೆ ವರ್ಷಕ್ಕೆ 10,000 ಪೌಂಡ್ ಆದಾಯ ಇರೋ ನಾಯಕ ಡಾರ್ಸಿ ಬಂದು ಕೇಳಿದ್ರೂ ಬೇಡ ಅಂತಾಳೆ. 21 ಕೂಡ ತುಂಬದ ಹುಡುಗಿ, ತನ್ನ ಜೊತೆಗೆ ಅಮ್ಮ, ಅಕ್ಕ, ಮೂವರು ತಂಗಿಯರ ಭವಿಷ್ಯಾನೂ ಪಣಕ್ಕಿಟ್ಟು ಆಡಿದ ಮಾತದು. ಆ ಧೈರ್ಯಕ್ಕೇ ನಾವು ಅವಳನ್ನ ಪ್ರೀತ್ಸೋದು, ಡಾರ್ಸಿ ಬದಲಾಗೋದೂ ಅದಕ್ಕೇ. ಎರಡು ಮುತ್ತು ಜಾಸ್ತಿ ಬರೆದ್ರೆ ಆ ಬಿಸಿ ಬರಲ್ಲ.

ಹಾಗಾದ್ರೆ ಇವತ್ತಿನ ಮಾಟುಂಗಾದಲ್ಲಿ ಆ ಭಾರ ಎಲ್ಲಿಂದ ತರೋದು? ನಿಮ್ಮ ಕೈಲೇ ಇದೆ, ನೀವು ಗಮನಿಸಿಲ್ಲ ಅಷ್ಟೇ. ಶೆಟ್ರ ಮನೆ ಅಂತ ನೀವೇ ಬರೆದಿದ್ದೀರಿ. ತುಳುನಾಡಿನ ಬಂಟರ ಹಳೇ ಪದ್ಧತಿ ಅಳಿಯಕಟ್ಟಿನಲ್ಲಿ ಗಂಡಸಿನ ಆಸ್ತಿಯ ವಾರಸುದಾರ ಅಂದ್ರೆ ಅವನ ಅಕ್ಕತಂಗಿಯ ಮಗ. ಅದೇ ಸೋದರಳಿಯ ಹೆಣ್ಮಕ್ಕಳಿಗೆ ಅತ್ತೆಮಗ, ಮದುವೆಗೆ ಮೊದಲ ಹಕ್ಕಿನವ. ಆಸ್ಟೆನ್‌ಗೆ ಕಾನೂನಿನ ಗಂಟು ಹಾಕಿ ಕಾಲಿನ್ಸ್‌ನ ತರಬೇಕಾಯ್ತು, ನಮ್ಮಲ್ಲಿ ಆಸ್ತಿ ಹಕ್ಕು, ಮದುವೆ ಹಕ್ಕು ಎರಡೂ ಒಬ್ಬನೇ ಹುಡುಗನ ಮೇಲೆ ಬಂದು ಕೂರತ್ತೆ! 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಕಾನೂನು ಬದಲಾಗಿದೆ, ಅಪ್ಪ ವಿಲ್ ಬರೆಯದೆ ಹೋದ್ರೂ ಹೆಣ್ಮಕ್ಕಳಿಗೆ ಪಾಲಿದೆ. ಆದ್ರೆ ಊರಲ್ಲಿರೋ ಅತ್ತೆಯ ಮನಸ್ಸಲ್ಲಿ ಹಳೇ ಲೆಕ್ಕ ಹಾಗೇ ಇರ್ಬಹುದಲ್ಲ, ‘ನನ್ನ ಮಗ ಹನ್ನೆರಡನೇ ವಯಸ್ಸಿಂದ ಆ ಹೋಟೆಲಲ್ಲಿ ಟೇಬಲ್ ಒರೆಸಿದ್ದಾನೆ’ ಅಂತ ಅವರು ಫೋನಲ್ಲಿ ಹೇಳಿದ್ರೆ ಅದಕ್ಕೆ ಯಾರು ಉತ್ತರ ಕೊಡ್ತಾರೆ? ಆ ಹುಡುಗನ್ನ ಕಾಲಿನ್ಸ್ ಥರ ನಗೆಪಾಟಲು ಮಾಡ್ಬೇಡಿ, ಅವನಿಗೂ ಒಂದು ನ್ಯಾಯ ಇರ್ಲಿ, ಆಗ ನಾಯಕಿಯ ‘ಬೇಡ’ ಇನ್ನೂ ಭಾರ ಆಗತ್ತೆ.

ಇನ್ನೊಂದು, ಹೋಟೆಲ್ ಜಾಗ ಪಗಡಿದು ಮಾಡಿ, ಅಂದ್ರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ ಹಳೇ ಜಾಗ. ಮುಂಬಯಿಯ ಹಳೇ ಹೋಟೆಲ್‌ಗಳ ಕಥೇಲಿ ಪಗಡಿ ಇಲ್ಲದಿದ್ರೆ ಏನೋ ಬಿಟ್ಟುಹೋದ ಹಾಗೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೇಲಿ ಒಂದು ಮಾತಿದೆ, ವ್ಯಾಪಾರದ ಜಾಗದ ಬಾಡಿಗೆದಾರ ತೀರಿಕೊಂಡಾಗ, ಆ ಹೊತ್ತಿಗೆ ಅವರ ಜೊತೆ ಅದೇ ಜಾಗದಲ್ಲಿ ವ್ಯಾಪಾರ ಮಾಡ್ಕೊಂಡಿದ್ದ ಮನೆಯವರಿಗೆ ಬಾಡಿಗೆ ಹಕ್ಕು ಮೊದಲು ಹೋಗತ್ತೆ, ಅಂಥವರು ಯಾರೂ ಇಲ್ಲದಿದ್ರೆ ಮಾತ್ರ ಉಳಿದ ವಾರಸುದಾರರಿಗೆ. ಈಗ ನಿಮ್ಮ ಕಥೆ ನೋಡಿ: ಶೆಟ್ರಿಗೆ ಹಾರ್ಟ್ ತೊಂದರೆ, ಗಲ್ಲಾದಲ್ಲಿ ಕೂರೋನು ಸೋದರಳಿಯ, ಹೆಣ್ಮಕ್ಕಳು ಗಲ್ಲಾದ ಹತ್ರ ಸುಳೀಬಾರ್ದು ಅಂತ ಅಮ್ಮನ ಕಟ್ಟಪ್ಪಣೆ. ಅವನು ‘ಮನೆಯವನು’ ಹೌದೋ ಅಲ್ವೋ ಅಂತ ನಾಳೆ ಕೋರ್ಟಲ್ಲಿ ವರ್ಷಗಟ್ಟಲೆ ಎಳೆದಾಡ್ಬಹುದು, ಅಷ್ಟರಲ್ಲಿ ಬಿಲ್ಡಿಂಗ್ ರಿಡೆವಲಪ್‌ಮೆಂಟ್‌ಗೆ ಹೋಗತ್ತೆ. ಬ್ಯಾಂಕ್ ಕೆಲಸ ಬಿಟ್ಟು ನಿಮ್ಮ ನಾಯಕಿ ಬೆಳಿಗ್ಗೆ ಆರಕ್ಕೆ ಗಲ್ಲಾದಲ್ಲಿ ಕೂತ್ಲು ಅಂದ್ರೆ ಅದು ಹಟ, ಹಕ್ಕು, ಅಪ್ಪನ ಮೇಲಿನ ಪ್ರೀತಿ ಮೂರೂ. ನಾಯಕನ್ನ ಸಾಫ್ಟ್‌ವೇರ್‌ನಿಂದ ಬಿಡಿಸಿ ಆ ಬಿಲ್ಡಿಂಗ್ ಒಡೆಯೋಕೆ ಬಂದಿರೋ ಪುಣೆಯ ಬಿಲ್ಡರ್ ಮನೆತನದವನು ಮಾಡಿ. ಅವನು ಬಂದು ಫಿಲ್ಟರ್ ಕಾಫಿಗೆ ಕೂಪನ್ ಕೇಳ್ತಾನೆ, ಇವಳು ಚಿಲ್ಲರೆ ಎಣಿಸಿ ಕೊಡ್ತಾಳೆ, ತಲೆ ಎತ್ತಲ್ಲ. ನಿಮ್ಮ ಗೆಳತಿ ಕೇಳಿದ ರೊಮ್ಯಾನ್ಸ್ ಇಲ್ಲಿಂದ ಶುರುವಾಗತ್ತೆ.

ಪ್ರಪೋಸಲ್ ಸೀನನ್ನ ಮತ್ತೆ ಬರೀರಿ. ಮೂಲದಲ್ಲಿ ಆ ದಿನ ಡಾರ್ಸಿಯ ಕಸಿನ್ ಬಾಯಲ್ಲಿ, ಡಾರ್ಸಿ ತನ್ನ ಸ್ನೇಹಿತನ ಒಂದು ಸಂಬಂಧ ತಪ್ಪಿಸಿದ ಅಂತ ಎಲಿಜಬೆತ್‌ಗೆ ಗೊತ್ತಾಗಿದೆ, ಅದು ಅಕ್ಕ ಜೇನ್‌ಳ ಸಂಬಂಧಾನೇ ಅಂತ ಇವಳಿಗೆ ಅರ್ಥ ಆಗಿದೆ, ತಲೆನೋವು ಅಂತ ಮನೇಲಿ ಒಬ್ಬಳೇ ಉಳಿದು ಅಕ್ಕನ ಕಾಗದಗಳನ್ನ ಮತ್ತೆ ಓದ್ತಾ ಕೂತಿದ್ದಾಳೆ, ಆಗ ಬರ್ತಾನೆ. ಕೂರ್ತಾನೆ, ಏಳ್ತಾನೆ, ಕೋಣೇಲಿ ಓಡಾಡ್ತಾನೆ, ಸುಮಾರು ಹೊತ್ತು ಮಾತೇ ಇಲ್ಲ. ಓದುಗರಿಗೆ ಅವಳ ಸಿಟ್ಟು ಗೊತ್ತು, ಅವನಿಗೆ ಗೊತ್ತಿಲ್ಲ. ಮುಂಬಯಿ ಮನೇಲಿ ಇಬ್ಬರಿಗೆ ಏಕಾಂತ ಸಿಗೋದೇ ಕಷ್ಟ, ಹಾಗಾಗಿ ಮನೆಯವರೆಲ್ಲ ಕುರ್ಲಾದ ಬಂಟರ ಭವನಕ್ಕೆ ಯಕ್ಷಗಾನ ನೋಡೋಕೆ ಹೋಗಿರ್ಲಿ, ಇವಳು ತಲೆನೋವು ಅಂತ ಉಳೀಲಿ.

ಅವಳು ಬೇಡ ಅಂದ ಮೇಲೆ ನಾಯಕ ತನ್ನ ಕಡೆಯ ಮಾತು ಹೇಳೋಕೆ ಬರೆಯೋ ಕಾಗದದ ವಿಷಯ. ನೀವು ಅದನ್ನ ವಾಟ್ಸಾಪ್ ಮೆಸೇಜ್ ಮಾಡಿದ್ದೀರಿ, ಅದು ದಯವಿಟ್ಟು ಬೇಡ. ಮೂಲದಲ್ಲಿ ಬೆಳಿಗ್ಗೆ ಅವನೇ ಬಂದು ಕೈಗೆ ಕೊಟ್ಟು ಹೋಗ್ತಾನೆ, ಎರಡು ಹಾಳೆ ಒತ್ತೊತ್ತಾಗಿ ಬರೆದು ಜಾಗ ಸಾಲದೆ ಲಕೋಟೆ ಕಾಗದದ ಮೇಲೂ ಬರೆದಿದ್ದಾನೆ. ಆಮೇಲೆ ಮತ್ತೆ ಭೇಟಿ ಆಗೋವರೆಗೂ ತಿಂಗಳುಗಟ್ಟಲೆ ಅವಳು ಅದನ್ನ ನಂಬಿದ್ಲಾ, ಹರಿದು ಹಾಕಿದ್ಲಾ ಅವನಿಗೆ ಗೊತ್ತಿಲ್ಲ. ವಾಟ್ಸಾಪಲ್ಲಿ ಬ್ಲೂ ಟಿಕ್ ಬಿದ್ರೆ ಆ ಕಾಯೋದೆಲ್ಲ ಮುಗೀತು. ಕೊನೆಗೆ ಡಾರ್ಸಿಯ ಬಂಗಲೆ ಪೆಂಬರ್ಲಿಯಲ್ಲಿ ಅವರು ಸಿಗೋದು ಇಪ್ಪತ್ತು ಗಜ ದೂರದಲ್ಲಿ, ಇಬ್ಬರ ಮುಖಾನೂ ಕೆಂಪಾಗತ್ತೆ, ಅಷ್ಟೇ, ಮುಟ್ಟೋದೂ ಇಲ್ಲ. 200 ವರ್ಷ ಆದ್ರೂ ಜನ ಆ ಪುಟಕ್ಕೆ ವಾಪಸ್ ಬರ್ತಾರೆ.

ಕೊನೆ ಭಾಗದಲ್ಲಿ ನಿಮ್ಮ ನಾಯಕ ‘ನಿನ್ನ ತಂಗಿ ಗಂಡನ ಸಾಲ ನಾನೇ ಕಟ್ಟಿದ್ದು’ ಅಂತ ತಾನೇ ಹೇಳ್ಕೋತಾನೆ. ಆ ಸಾಲು ತೆಗೀರಿ. ಮೂಲದಲ್ಲಿ ಡಾರ್ಸಿ, ಎಲಿಜಬೆತ್‌ಳ ತಂಗಿ ಲಿಡಿಯಾಳ ಗಂಡ ವಿಕಮ್‌ನ ಸಾಲ ತೀರಿಸಿ, ಲಿಡಿಯಾ ಹೆಸರಿಗೆ ಮತ್ತೂ 1,000 ಪೌಂಡ್ ಇಟ್ಟು, ವಿಕಮ್‌ಗೆ ಸೈನ್ಯದಲ್ಲಿ ಹುದ್ದೆ ಕೊಡಿಸಿ, ಯಾರಿಗೂ ಹೇಳ್ಬೇಡಿ ಅಂತಾನೆ. ಲಿಡಿಯಾ ಬಾಯಿ ತಪ್ಪಿ ಅರ್ಧ ಹೇಳ್ತಾಳೆ, ಉಳಿದಿದ್ದನ್ನ ಅತ್ತೆ ಗಾರ್ಡಿನರ್ ಕಾಗದದಿಂದ ಎಲಿಜಬೆತ್ ತಿಳ್ಕೋತಾಳೆ. ಹೇಳ್ದೆ ಮಾಡಿದ್ದಕ್ಕೇ ಅವಳು ಕರಗೋದು.

ಪ್ರಚಾರದ ಬಗ್ಗೆ ಕೇಳಿದ್ರಿ. ಮೂಲದ ಹೆಸರು ಮುಖಪುಟದಲ್ಲೇ ಹಾಕಿ, ‘ಜೇನ್ ಆಸ್ಟೆನ್ ಕಾದಂಬರಿ ಆಧರಿಸಿ’ ಅಂತ, ಸಣ್ಣಕ್ಷರದಲ್ಲಿ ಹಿಂದೆ ಮುಚ್ಚಿಡ್ಬೇಡಿ. ಮೂಲ ಓದಿದವರು ಏನು ಬದಲಾಗಿದೆ ಅಂತ ನೋಡೋಕೆ ಬರ್ತಾರೆ, ಓದದವರಿಗೆ ಅಳಿಯಕಟ್ಟು, ಪಗಡಿ, ಗಲ್ಲಾ ಸಾಕು. 1813ರ ಮುಖಪುಟದಲ್ಲಿ ಆಸ್ಟೆನ್ ಹೆಸರೇ ಇರ್ಲಿಲ್ಲ, ಹಿಂದಿನ ಕಾದಂಬರಿ ಬರೆದವರದ್ದು ಅಂತಷ್ಟೇ ಹಾಕಿದ್ರು, ಅಂದ್ರೆ ಓದುಗರಿಗೆ ಗೊತ್ತಿರೋದನ್ನ ಹಿಡ್ಕೊಂಡು ಗೊತ್ತಿಲ್ಲದ್ದನ್ನ ಪರಿಚಯ ಮಾಡಿಸಿದ್ರು, ನೀವೂ ಅದನ್ನೇ ಮಾಡಿ. ‘ಕನ್ನಡದ ಆಸ್ಟೆನ್’ ಅಂತ ಯಾರಾದ್ರೂ ಪೋಸ್ಟರ್ ಮಾಡಿದ್ರೆ ಕೈಮುಗಿದು ಬೇಡ ಅನ್ನಿ. ಸ್ನೇಹಿತರ ಹತ್ರ ಓದದೇ ಐದು ಸ್ಟಾರ್ ಹಾಕಿಸ್ಬೇಡಿ, ನಮ್ಮ ಮುಂಬಯಿ ಕನ್ನಡಿಗರ ಲೋಕ ಚಿಕ್ಕದು, ಒಂದೇ ವಾರದಲ್ಲಿ ಎಲ್ಲರಿಗೂ ಗೊತ್ತಾಗತ್ತೆ. ಅದರ ಬದಲು ಅತ್ತೆಮಗನಿಗೆ ಬೇಡ ಅನ್ನೋ ಪುಟ ಇದೆಯಲ್ಲ, ಅದೊಂದನ್ನ ನಿಮ್ಮದೇ ದನೀಲಿ ಓದಿ ರೆಕಾರ್ಡ್ ಮಾಡಿ ಗ್ರೂಪ್‌ಗಳಿಗೆ ಹಾಕಿ, ಡೊಂಬಿವಲಿ ಲೋಕಲಲ್ಲಿ ನಿಂತುಕೊಂಡು ಬರೋರು ಪುಸ್ತಕ ಬಿಡಿಸೋಕೆ ಆಗ್ದಿದ್ರೂ ಇಯರ್‌ಫೋನ್ ಹಾಕಿ ಕೇಳ್ತಾರೆ. ಸಂಘಗಳಲ್ಲಿ ಬಿಡುಗಡೆ ಸಮಾರಂಭಕ್ಕಿಂತ ಓದಿನ ಸಂಜೆ ಇಟ್ಕೊಳ್ಳಿ, ಹೋಟೆಲ್ ಕೆಲಸದಲ್ಲಿರೋರನ್ನ ಕರೀರಿ, ಗಲ್ಲಾ ಸೀನ್ ಸರಿ ಇದೆಯಾ ಅಂತ ಅವರೇ ಹೇಳ್ಲಿ.

ಪ್ರಕಾಶಕರ ಜೊತೆ ಸಹಿ ಹಾಕೋ ಮುಂಚೆ ಒಂದು ವಿಷಯ. ಆಸ್ಟೆನ್ 150 ಪೌಂಡ್ ಸಿಗ್ಲಿ ಅಂತಿದ್ರು, ಎಜರ್ಟನ್ ಅನ್ನೋ ಪ್ರಕಾಶಕ 110 ಪೌಂಡ್‌ಗೆ ಪೂರ್ತಿ ಹಕ್ಕು ತಗೊಂಡ, ಪುಸ್ತಕ ಹೊರಬಂದ ವರ್ಷವೇ ಎರಡನೇ ಮುದ್ರಣ ಬಂತು, ಅವರಿಗೆ ಒಂದು ಪೆನ್ನಿ ಜಾಸ್ತಿ ಬರ್ಲಿಲ್ಲ. ನೀವು ಹಕ್ಕನ್ನ ಒಂದೇ ಗಂಟಲ್ಲಿ ಕೊಡ್ಬೇಡಿ, ಮುದ್ರಣ ಬೇರೆ, ಆಡಿಯೋ ಬೇರೆ, ವೆಬ್ ಸೀರೀಸ್ ಬೇರೆ, ಎಷ್ಟು ವರ್ಷಕ್ಕೆ ಅಂತ ಬರೆಸಿ. ವರ್ಷ ಬರೆಯದೇ ಇದ್ರೆ ನಮ್ಮ ಕಾಯ್ದೇಲಿ 5 ವರ್ಷ ಅಂತ ಲೆಕ್ಕ.

ತ್ರಿವೇಣಿಯವರು ತೀರಿಕೊಂಡಿದ್ದು 1963ರಲ್ಲಿ, ಹಾಗಾಗಿ 2023ರ ಕೊನೆಗೆ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕಿನ ಅವಧಿ ಮುಗಿದಿದೆ, ನೀವು ಬರೀಬಹುದು. ಆದ್ರೆ ಅವುಗಳಿಂದ ಆದ ಸಿನಿಮಾಗಳ ಡೈಲಾಗು, ಹಾಡು ಮುಟ್ಬೇಡಿ. ಕುವೆಂಪು ಅವರದ್ದು 2054ರವರೆಗೂ ಅನುಮತಿ ಕೇಳಿಯೇ ಮಾಡ್ಬೇಕು.

ನಮ್ಮ ಪತ್ರಿಕೇಲಿ ಧಾರಾವಾಹಿಯಾಗಿ ಹಾಕ್ತೀರಾ ಅಂತ ಕೊನೇಲಿ ಕೇಳಿದ್ದೀರಿ. ಈಗಿರೋ ರೂಪದಲ್ಲಿ ಇಲ್ಲ. ಗಲ್ಲಾ ಇರೋ ರೂಪದಲ್ಲಿ ಖಂಡಿತ ಹೌದು, ದೀಪಾವಳಿ ವಿಶೇಷಾಂಕದಿಂದಲೇ ಶುರು ಮಾಡೋಣ, ಸಂಭಾವನೆ ಕಂತಿಗೆ ಇಷ್ಟು ಅಂತ ಬರೆದು ಕೊಡ್ತೀವಿ, ಪುಸ್ತಕದ ಹಕ್ಕು ನಿಮ್ಮದೇ. ಪೂರ್ತಿ ತಿದ್ದೋವರೆಗೂ ಕಾಯ್ಬೇಡಿ, ಅತ್ತೆಮಗ ಬಂದು ಕೇಳೋ ಅಧ್ಯಾಯ ಆದ ತಕ್ಷಣ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ನಾನೇ ಓದಿ ಫೋನ್ ಮಾಡ್ತೀನಿ.

ಸಂಪಾದಕ