ಕಾದಾಟ ಕಷ್ಟವಾದರೆ ಗ್ರೈಂಡಿಂಗ್ ಜಾಸ್ತಿ ಆಗುತ್ತಾ?

ಜಪಾನಿನ ವಿಡಿಯೋ ಗೇಮ್ ಸರಣಿ ಡ್ರ್ಯಾಗನ್ ಕ್ವೆಸ್ಟ್‌ನ 12ನೇ ಆಟದಲ್ಲಿ ಕಾದಾಟ ಜಟಿಲವಾದರೆ ಗ್ರೈಂಡಿಂಗ್ (ಹೀರೋನ ಲೆವೆಲ್, ಅಂದರೆ ಬಲ, ಏರಿಸಲು ಅವೇ ಶತ್ರುಗಳನ್ನು ಮತ್ತೆ ಮತ್ತೆ ಹೊಡೆಯುವುದು) ಕೂಡ ಜಾಸ್ತಿ ಆಗುತ್ತಾ ಅಂತ ಕೇಳಿದ್ದೀರಿ. ನನಗೇನೋ ಉಲ್ಟಾ ಅನ್ನಿಸುತ್ತದೆ.

ಲೆವೆಲ್ ಬಿಟ್ಟರೆ ಗೆಲ್ಲಲು ಬೇರೆ ದಾರಿ ಇಲ್ಲದಾಗಲೇ ಗ್ರೈಂಡಿಂಗ್ ಕಾಟ. 1986ರ ಮೊದಲ ಆಟ ನೋಡಿ. ಒಬ್ಬನೇ ಹೀರೋ, ಎದುರಿಗೆ ಒಂದೇ ಶತ್ರು. ಹೊಡಿ, ಮಂತ್ರ ಹಾಕು, ಇಲ್ಲ ಓಡು. ಜಾಣತನಕ್ಕೆ ಜಾಗ ಕಮ್ಮಿ, ಸುಮ್ನೆ ಸ್ಲೈಮ್ ಅನ್ನೋ ಪುಟ್ಟ ಶತ್ರುಗಳನ್ನು ಬಡಿಯುತ್ತಾ ಕೂರಬೇಕು. ನಮ್ಮ ದುರ್ಗದ ಓಬವ್ವ ಲೆವೆಲ್ ಏರಿಸಿಕೊಂಡು ಬಂದವಳಲ್ಲ, ಅಲ್ವಾ? ಕೈಯಲ್ಲಿ ಒನಕೆ, ಮುಂದೆ ಒಬ್ಬೊಬ್ಬರೇ ನುಸುಳುವ ಕಿಂಡಿ. ಅಷ್ಟೇ. ಆಟದಲ್ಲೂ ಅಂಥ ಕಿಂಡಿಗಳಿರಬೇಕು: ಶತ್ರುವಿಗೆ ನಿದ್ದೆ ಬರಿಸುವುದು, ಅವನ ರಕ್ಷಣೆ ಇಳಿಸುವುದು, ಹೀಗೆ.

12ರಲ್ಲಿ ಕಮಾಂಡ್ ಪದ್ಧತಿ (ಪಟ್ಟಿಯಿಂದ ಆಜ್ಞೆ ಆರಿಸಿ ಕಾದಾಡುವುದು) ಕೈಬಿಡುವುದಿಲ್ಲ, ಆದರೆ ಬದಲಾಯಿಸುತ್ತೇವೆ ಅಂತ ಸರಣಿಯ ಜನಕ ಯೂಜಿ ಹೋರಿ 2021ರಲ್ಲೇ ಹೇಳಿದ್ದರು. ಅದಕ್ಕೇ ಈಗಲೇ ಗಾಬರಿ ಬೇಡ.

12 ಬರುವವರೆಗೆ 11ನೇ ಆಟವನ್ನು ಡ್ರಕೋನಿಯನ್ ಕ್ವೆಸ್ಟ್‌ನ (ಆಟವನ್ನು ಕಷ್ಟ ಮಾಡುವ ಆಯ್ಕೆಗಳ ಪಟ್ಟಿ) 'ಬಲವಾದ ಶತ್ರುಗಳು' ಆಯ್ಕೆ ಹಾಕಿ ಆಡಿ. ಆಟ ಶುರು ಮಾಡುವಾಗಲೇ ಹಾಕಬೇಕು, ನಡುವೆ ಹಾಕಲು ಬರುವುದಿಲ್ಲ. ನಾನು ಹಾಕಿರಲಿಲ್ಲ. ಒಂದು ಕೈಯಲ್ಲಿ ಮಂಡಕ್ಕಿ, ಇನ್ನೊಂದರಲ್ಲಿ ಒಂದೇ ಬಟನ್, ಅರ್ಧ ಆಟ ಹಾಗೇ ಮುಗಿದುಹೋಯಿತು.